ಶ್ರೀಲಂಕಾ: ಎಂಟು ಜನ, ಏಳು ರಾತ್ರಿ, ಒಂದು ವ್ಯಾನ್

ಪ್ರಶ್ನೆ (ಶಿವಮೊಗ್ಗದಿಂದ): ಸರ್ ನಮಸ್ಕಾರ. ನೀವು ಚಿಕ್ಕ ಗುಂಪುಗಳನ್ನ ಲಂಕಾಗೆ ಕರ್ಕೊಂಡು ಹೋಗ್ತೀರಂತೆ, ಅದಕ್ಕೇ ಕೇಳ್ತಿದೀನಿ. ಜನವರಿಯಲ್ಲಿ ನಾವು ಎಂಟು ಜನ ಹೊರಟಿದೀವಿ. ಎರಡು ಜೋಡಿ, ಇಬ್ಬರು ಮಕ್ಕಳು, ಅಪ್ಪ ಅಮ್ಮ (ಇಬ್ಬರಿಗೂ ಎಪ್ಪತ್ತರ ಹತ್ತಿರ). ಏಳು ರಾತ್ರಿ. ನೆಗೊಂಬೊ, ಅನುರಾಧಪುರ, ಸಿಗಿರಿಯಾ, ಟ್ರಿಂಕೋಮಲಿ, ಕ್ಯಾಂಡಿ, ನುವಾರಾ ಎಲಿಯಾ, 'ಎಲ್ಲ', ಯಾಲ, ಗಾಲೆ, ಕೊಲಂಬೊ ಅಂತ ಪಟ್ಟಿ ಮಾಡಿದೀವಿ. ಚಿಕ್ಕ ದ್ವೀಪ ತಾನೆ, ಒಂದು ವ್ಯಾನ್ ಮಾಡ್ಕೊಂಡ್ರೆ ಆಗತ್ತಲ್ವಾ?

ಉತ್ತರ: ವ್ಯಾನ್ ಆಗತ್ತೆ, ಪಟ್ಟಿ ಆಗಲ್ಲ. ಲಂಕಾ ಕರ್ನಾಟಕದ ಮೂರರಲ್ಲೊಂದು ಪಾಲು, ನಿಜ. ಆದ್ರೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಬೇರೆ ರಸ್ತೆಯಲ್ಲಿ ಗಂಟೆಗೆ ನಲವತ್ತು ಕಿ.ಮೀ. ಸಿಕ್ಕಿದ್ರೆ ಪುಣ್ಯ. ಎರಡೇ ಲೇನು, ಮುಂದೆ ಆಟೋ, ಹಿಂದಿಂದ ಹಾರ್ನ್ ಹೊಡೀತಾ ಬರೋ ಬಸ್ಸು. ವಿಮಾನ ನಿಲ್ದಾಣದಿಂದ ಸಿಗಿರಿಯಾಕ್ಕೆ ನಾಲ್ಕು ಗಂಟೆ ಇಟ್ಕೊಳಿ. ಕ್ಯಾಂಡಿಯಿಂದ ನುವಾರಾ ಎಲಿಯಾ ಎಂಬತ್ತು ಕಿ.ಮೀ.ಗೂ ಕಮ್ಮಿ, ಆದ್ರೂ ಮೂರು ಗಂಟೆ. ಚಾರ್ಮಾಡಿ ಹತ್ತಿದ ಹಾಗೆ ತಿರುವು, ಮಕ್ಕಳಿಗೆ ವಾಂತಿ ಮಾತ್ರೆ ಕೈಗೆ ಸಿಗೋ ಹಾಗಿರಲಿ.

ಮೊದಲು ಟ್ರಿಂಕೋಮಲಿ ಹೊಡೆದುಹಾಕಿ. ಜನವರಿಯಲ್ಲಿ ಆ ಕಡೆ ಹಿಂಗಾರು ಇನ್ನೂ ಪೂರ್ತಿ ಮುಗಿದಿರಲ್ಲ, ಸಮುದ್ರನೂ ಒರಟು. ಅದು ಮೇಯಿಂದ ಸೆಪ್ಟೆಂಬರ್‌ವರೆಗಿನ ಊರು. ನೀವು ಹೋಗೋ ಹೊತ್ತಿಗೆ ದಕ್ಷಿಣದ ತೀರವೇ ಒಳ್ಳೇದು. ಅನುರಾಧಪುರ ಹಳೇ ರಾಜಧಾನಿ, ದೊಡ್ಡ ಊರು, ಅರ್ಧ ದಿನದಲ್ಲಿ ಓಡಿ ನೋಡೋದು ಅದಕ್ಕೆ ಮಾಡೋ ಅವಮಾನ. ಯಾಲ ಕೂಡ ಬೇಡ ಅಂತೀನಿ. ಸಕ್ರೆಬೈಲಿನ ಪಕ್ಕದವರು ಆನೆ ನೋಡೋಕೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಜೀಪು ಹತ್ತಬೇಕಾ? ಚಿರತೆ ಆಸೆ ಇದ್ರೆ ಮಾತ್ರ ಯೋಚಿಸಿ.

ನಾನಾದ್ರೆ ಹೀಗೆ ಮಾಡ್ತೀನಿ: ಸಿಗಿರಿಯಾ ಎರಡು ರಾತ್ರಿ, ಕ್ಯಾಂಡಿ ಒಂದು, ನುವಾರಾ ಎಲಿಯಾ ಒಂದು, ಎಲ್ಲದಲ್ಲಿ ಒಂದು (ಊರಿನ ಹೆಸರೇ 'ಎಲ್ಲ', ಫೋನಲ್ಲಿ ಹೇಳೋವಾಗ ಎಷ್ಟು ಸಲ ಗೊಂದಲ ಆಗಿದೆ ಕೇಳ್ಬೇಡಿ), ಗಾಲೆ ಹತ್ತಿರ ಎರಡು. ಮಧ್ಯೆ ಮೂರು ದಿನ ದಿನಾ ಪೆಟ್ಟಿಗೆ ಕಟ್ಟಬೇಕು, ಅದೂ ನನಗೆ ಜಾಸ್ತಿನೇ. ಕೊನೇ ದಿನ ಗಾಲೆಯಿಂದ ವಿಮಾನ ನಿಲ್ದಾಣದವರೆಗೂ ಎಕ್ಸ್‌ಪ್ರೆಸ್‌ವೇ ಇದೆ, ಕೊಲಂಬೊ ಒಳಗೆ ಹೋಗೋದೇ ಬೇಡ.

ಪ್ರಶ್ನೆ (ಅದೇ ಶಿವಮೊಗ್ಗದವರು): ಒಪ್ಪಿದೆ ಸರ್. ವ್ಯಾನ್ ಯಾವುದು, ಏನು ಕೇಳಿ ಬುಕ್ ಮಾಡ್ಬೇಕು?

ಉತ್ತರ: ಅಲ್ಲಿ 'ಕೆಡಿಎಚ್' ಅಂದ್ರೆ ಸಾಕು, ಟೊಯೋಟಾ ಹೈಏಸ್ ತೋರಿಸ್ತಾರೆ. 'ಹೈ ರೂಫ್' ಇರೋದನ್ನೇ ಕೇಳಿ, ಅಪ್ಪ ಅಮ್ಮ ಬೆನ್ನು ಬಗ್ಗಿಸದೆ ಹತ್ತಬಹುದು. ಎಂಟು ಜನ ಕೂರ್ತೀರಿ, ಆದ್ರೆ ಎಂಟು ಗಟ್ಟಿ ಸೂಟ್‌ಕೇಸ್ ಹಿಡಿಸಲ್ಲ. ಬಟ್ಟೆ ಬ್ಯಾಗ್ ತನ್ನಿ, ಇಬ್ಬರಿಗೆ ಒಂದರಂತೆ.

ದರದಲ್ಲಿ ಪೆಟ್ರೋಲ್ ಡೀಸೆಲ್, ಎಕ್ಸ್‌ಪ್ರೆಸ್‌ವೇ ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಎಲ್ಲ ಸೇರಿದೆಯಾ, ದಿನಕ್ಕೆ ಇಷ್ಟೇ ಕಿ.ಮೀ. ಅನ್ನೋ ಮಿತಿ ಇದೆಯಾ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಇದಕ್ಕಿಂತ ದೊಡ್ಡ ಪ್ರಶ್ನೆ: ಡ್ರೈವರ್ ರಾತ್ರಿ ಎಲ್ಲಿ ಮಲಗ್ತಾರೆ? ದೊಡ್ಡ ಹೋಟೆಲುಗಳಲ್ಲಿ ಡ್ರೈವರುಗಳಿಗೆ ಅಂತಲೇ ಕೋಣೆ, ಊಟ ಇರತ್ತೆ. ಚಿಕ್ಕ ಹೋಂಸ್ಟೇಗಳಲ್ಲಿ ಎಷ್ಟೋ ಕಡೆ ಇರಲ್ಲ. ಶುರುವಿನ ವರ್ಷಗಳಲ್ಲಿ ನಾನು ಅದನ್ನ ವಿಚಾರಿಸದೆ ಎಲ್ಲದಲ್ಲಿ ಒಂದು ಚೆಂದದ ಮನೆ ಹಿಡಿದಿದ್ದೆ. ಪಾಪ ಆ ಮನುಷ್ಯ ವ್ಯಾನಿನ ಸೀಟಿನ ಮೇಲೆ ಮಲಗಿ, ಮರುದಿನ ಘಾಟಿ ಇಳಿಯೋವಾಗ ತೂಕಡಿಸಿದ. ನಾನು ಪಕ್ಕದಲ್ಲಿ ಕೂತು ಎರಡು ಗಂಟೆ ಬಾಯಿ ಮುಚ್ಚದೆ ಮಾತಾಡಿದೆ. ಏನು ಮಾತಾಡಿದೆ ಅಂತ ಇವತ್ತಿಗೂ ನೆನಪಿಲ್ಲ. ಅವತ್ತಿನಿಂದ ಡ್ರೈವರ್ ಕೋಣೆ ಖಾತ್ರಿ ಆದ ಮೇಲೇ ನಮ್ಮ ಕೋಣೆ.

ಇನ್ನೊಂದು, ಮಾತಲೆ ಹತ್ತಿರ 'ಸ್ಪೈಸ್ ಗಾರ್ಡನ್', ಕ್ಯಾಂಡಿಯಲ್ಲಿ ಹರಳಿನ ಅಂಗಡಿ ಅಂತ ನಿಲ್ಲಿಸ್ತಾರೆ. ಡ್ರೈವರಿಗೆ ಅಲ್ಲಿ ಕಮಿಷನ್ ಇರತ್ತೆ. ಏಲಕ್ಕಿ, ಮೆಣಸು ಮಲೆನಾಡಿನವರಿಗೆ ತೋರಿಸೋದೇನಿದೆ! ಮೊದಲ ದಿನವೇ ನಗ್ತಾ ಹೇಳಿಬಿಡಿ, "ಅಂಗಡಿ ಬೇಡ, ಕೊನೆಗೆ ಟಿಪ್ಸ್ ಚೆನ್ನಾಗಿ ಕೊಡ್ತೀವಿ." ಹೇಳಿದ ಮೇಲೆ ಕೊಡಿ ಮತ್ತೆ.

ಪ್ರಶ್ನೆ (ಶಿರಸಿಯಿಂದ): ಅಣ್ಣಾ, ನಾವು ಶುದ್ಧ ಸಸ್ಯಾಹಾರಿಗಳು. ಊಟದ ಕಥೆ ಏನು? ಅಕ್ಕಿ ರೊಟ್ಟಿ ಕಟ್ಕೊಂಡು ಹೋಗ್ಬೇಕಾ?

ಉತ್ತರ: ಬೇಡ ಅಕ್ಕಾ, ಹೊಟ್ಟೆ ತುಂಬತ್ತೆ. ಅನ್ನದ ಜೊತೆ ನಾಲ್ಕೈದು ಪಲ್ಯ ಬರತ್ತೆ: ಪರಿಪ್ಪು ಅಂದ್ರೆ ಬೇಳೆ, ಪೊಲೊಸ್ ಅಂದ್ರೆ ಎಳೆ ಹಲಸಿನಕಾಯಿ, ಗೊಟುಕೊಲ ಅಂದ್ರೆ ನಮ್ಮ ಒಂದೆಲಗವೇ, ಕಾಯಿತುರಿ ಹಾಕಿ ಹಸಿಯಾಗಿ ಕಲಸಿರ್ತಾರೆ. ಮೊಸರಿನ ಮೇಲೆ ಬೈನೆ ಮರದ ಬೆಲ್ಲದ ಪಾಕ ಸುರಿದು ಕೊಡ್ತಾರಲ್ಲ, ಅದನ್ನ ಬಿಡ್ಬೇಡಿ.

ಎಚ್ಚರ ಬೇಕಾದ್ದು ಒಂದೇ. 'ಉಂಬಲಕಡ' ಅಂತ ಒಂದಿದೆ. ನಿಮ್ಮ ಕಡೆ ಉಂಬಳ ಅಂದ್ರೆ ಕಾಲಿಗೆ ಕಚ್ಚೋ ಜಿಗಣೆ, ಅದಲ್ಲ ಇದು. ಒಣಗಿಸಿದ ಮೀನಿನ ಪುಡಿ. ಕಾಯಿ ಚಟ್ನಿ ಥರ ಕಾಣೋ ಪೊಲ್ ಸಂಬೋಲಿಗೂ ಹಾಕ್ತಾರೆ, ತರಕಾರಿ ಪಲ್ಯಕ್ಕೂ ಉದುರಿಸ್ತಾರೆ. 'ವೆಜಿಟೇರಿಯನ್' ಅಂದ್ರೆ ಇದು ಅವರ ಲೆಕ್ಕಕ್ಕೇ ಬರದೆ ಇರಬಹುದು. ಅದಕ್ಕೆ ಹೆಸರು ಹಿಡಿದೇ ಹೇಳಿ: "ಮಸ್ ಎಪಾ, ಮಾಲು ಎಪಾ, ಉಂಬಲಕಡ ಎಪಾ." ಮಸ್ ಅಂದ್ರೆ ಮಾಂಸ, ಮಾಲು ಅಂದ್ರೆ ಮೀನು, ಎಪಾ ಅಂದ್ರೆ ಬೇಡ. ಕ್ಯಾಂಡಿ, ನುವಾರಾ ಎಲಿಯಾ ಪೇಟೆಯಲ್ಲಿ ತಮಿಳರ ಸೈವ (ಸಸ್ಯಾಹಾರಿ) ಹೋಟೆಲುಗಳಿವೆ, ಇಡ್ಲಿ ದೋಸೆ ಸಿಗತ್ತೆ, ಅಲ್ಲಿ ಈ ತಲೆನೋವಿಲ್ಲ.

ಪ್ರಶ್ನೆ (ಬೆಂಗಳೂರಿನಿಂದ): ವೀಸಾ, ದುಡ್ಡು? ಯುಪಿಐ ನಡೆಯತ್ತಾ? ಮತ್ತೆ ಸಂಜೆ ಒಂದು ಬಿಯರ್...

ಉತ್ತರ: ಇಟಿಎ (ಆನ್‌ಲೈನಲ್ಲಿ ತಗೊಳೋ ಪ್ರವೇಶ ಅನುಮತಿ) ಹೊರಡೋ ಮೊದಲೇ ಮಾಡಿಸಿ, ಸರ್ಕಾರದ ಜಾಲತಾಣದಲ್ಲೇ. ಅದೇ ಥರ ಕಾಣೋ, ದುಪ್ಪಟ್ಟು ದುಡ್ಡು ಕೀಳೋ ತಾಣಗಳಿವೆ. ಶುಲ್ಕದ ನಿಯಮ ಆಗಾಗ ಬದಲಾಗತ್ತೆ, ಟಿಕೆಟ್ ಮಾಡೋ ವಾರದಲ್ಲೇ ನೋಡ್ಕೊಳಿ. ಯುಪಿಐ 2024ರ ಫೆಬ್ರುವರಿಯಲ್ಲಿ ಅಲ್ಲಿ ಶುರುವಾಯ್ತು, ಆದ್ರೆ ದಾರಿಬದಿ ತಂಬಿಲಿ (ಕೇಸರಿ ಬಣ್ಣದ ಎಳನೀರು) ಮಾರೋರಿಗೆ, ಡ್ರೈವರಿಗೆ ನಗದೇ ಬೇಕು.

ಮೂಲ ಪಾಸ್‌ಪೋರ್ಟ್ ಜೇಬಲ್ಲಿರಲಿ. ಸಿಗಿರಿಯಾದಲ್ಲಿ ಭಾರತ ಸೇರಿದ ಸಾರ್ಕ್ ದೇಶದವರಿಗೆ ಟಿಕೆಟ್ ಬೆಲೆ ಕಮ್ಮಿ. ಫೋಟೋ ತೋರಿಸಿದ್ರೆ ಕೌಂಟರಿನವರು ಒಪ್ತಾರೆ ಅಂತ ನಂಬ್ಕೋಬೇಡಿ.

ಬಿಯರ್ ಸಿಗತ್ತೆ, ಹುಣ್ಣಿಮೆ ದಿನ ಬಿಟ್ಟು. ಪ್ರತಿ ಹುಣ್ಣಿಮೆಯೂ 'ಪೋಯ', ಸರ್ಕಾರಿ ರಜೆ, ಮದ್ಯ ಮಾರೋ ಹಾಗಿಲ್ಲ. ಪಂಚಾಂಗ ನೋಡಿ ಹೊರಡಿ.

ಪ್ರಶ್ನೆ (ಶಿವಮೊಗ್ಗದವರು ಮತ್ತೆ): ಸಿಗಿರಿಯಾ ಅಪ್ಪ ಅಮ್ಮ ಹತ್ತಬಹುದಾ? ಮಕ್ಕಳಿಗೆ ರೈಲು ಬೇಕೇ ಬೇಕಂತೆ. ಅಮ್ಮಂಗೆ ಸೀತೆಯ ಗುಡಿ.

ಉತ್ತರ: ಸಿಗಿರಿಯಾ ಬಂಡೆ ಮೇಲಿನ ಕೋಟೆ, ಸುಮಾರು 1,200 ಮೆಟ್ಟಿಲು. ಬೆಳಿಗ್ಗೆ ಏಳರೊಳಗೆ ಶುರು ಮಾಡಿ, ಒಂಬತ್ತಾದ್ರೆ ಬಂಡೆ ಕಾವಲಿ. ಮೇಲೆ ಕಣಜದ ಗೂಡುಗಳಿವೆ, ಮಕ್ಕಳು ಕೂಗಾಡದ ಹಾಗೆ ನೋಡ್ಕೊಳಿ. ಮಂಡಿ ನೋವಿದ್ರೆ ಹಿರಿಯರು ಕೆಳಗಿನ ನೀರಿನ ತೋಟಗಳಲ್ಲಿ ಓಡಾಡಲಿ. ರಾಜ ಕಾಶ್ಯಪ ಐದನೇ ಶತಮಾನದಲ್ಲಿ ಮಾಡಿಸಿದ್ದು, ಬಂಡೆಯ ಪೂರ್ತಿ ನೋಟ ಸಿಗೋದೂ ಅಲ್ಲಿಂದಲೇ. 1990 ನಂಬರ್ ಫೋನಲ್ಲಿ ಹಾಕ್ಕೊಳಿ, ಉಚಿತ ಆಂಬುಲೆನ್ಸ್. ಭಾರತದ ನೆರವಿನಿಂದಲೇ ಶುರುವಾಗಿದ್ದು.

ರೈಲು ಕ್ಯಾಂಡಿಯಿಂದ ಹತ್ತಿದ್ರೆ 'ಎಲ್ಲ'ಕ್ಕೆ ಆರೇಳು ಗಂಟೆ, ಮಕ್ಕಳು ಮೂರನೇ ಗಂಟೆಗೇ ಜಗಳ ಶುರು ಮಾಡ್ತಾರೆ. ನುವಾರಾ ಎಲಿಯಾದಿಂದ ಹೊರಡೋ ದಿನ ಹತ್ತಿರದ 'ನಾನು ಓಯ' ಸ್ಟೇಷನ್ನಿನಲ್ಲಿ ಹತ್ತಿ ಎಲ್ಲದಲ್ಲಿ ಇಳಿಸಿ, ಚೆಂದದ ಭಾಗ ಅದೇ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತಕ್ಕೆ ಬೆಟ್ಟ ಕುಸಿದು ಆ ಮಾರ್ಗಕ್ಕೆ ತುಂಬಾ ಪೆಟ್ಟು ಬಿದ್ದಿತ್ತು. ಯಾವ ಭಾಗದಲ್ಲಿ ರೈಲು ಓಡ್ತಿದೆ ಅಂತ ಹೊರಡೋ ವಾರ ಕೇಳಿಯೇ ಟಿಕೆಟ್ ಮಾಡಿ.

ಅವತ್ತು ಗುಂಪನ್ನ ಎರಡು ಮಾಡಿ. ನೀವು, ಮಕ್ಕಳು ರೈಲಿಗೆ. ಅಪ್ಪ ಅಮ್ಮ, ಬ್ಯಾಗುಗಳು ವ್ಯಾನಿಗೆ. ಸೀತಾ ಎಲಿಯಾದ ಗುಡಿ ಆ ರಸ್ತೆಯಲ್ಲೇ ಸಿಗತ್ತೆ, ನುವಾರಾ ಎಲಿಯಾ ಬಿಟ್ಟು ಸ್ವಲ್ಪ ದೂರಕ್ಕೇ. ಬೆಳಿಗ್ಗೆ ಅಲ್ಲಿ ಚಳಿ ನಮ್ಮ ಮುಳ್ಳಯ್ಯನಗಿರಿ ಥರ, ಅಮ್ಮನ ಸ್ವೆಟರ್ ಬ್ಯಾಗಿನ ತಳಕ್ಕೆ ಹೋಗದಿರಲಿ. ಮಂಗಗಳೂ ಇವೆ, ಬಾಳೆಹಣ್ಣು ಕೈಯಲ್ಲಿ ಹಿಡಿದು ವ್ಯಾನಿಂದ ಇಳೀಬೇಡಿ ಅಂತ ಹೇಳಿ.