ಟೇಬಲ್ ಸಾಗೆ ಎಷ್ಟು ಹಲ್ಲಿನ ಬ್ಲೇಡ್ ತರಲಿ?

ಹತ್ತು ಇಂಚಿನ ಟೇಬಲ್ ಸಾ (ಮೇಜಿನ ನಡುವೆ ದುಂಡು ಬ್ಲೇಡ್ ತಿರುಗುವ ಗರಗಸ) ತಗೊಂಡಿದ್ದೇನೆ. ಜೊತೆಗೆ 40 ಹಲ್ಲಿನ ಬ್ಲೇಡ್ ಬಂದಿದೆ. ಹಲಸಿನ ಹಲಗೆಯನ್ನು ಉದ್ದಕ್ಕೆ ಸೀಳಿದರೆ ಅಂಚು ಕಪ್ಪಾಗುತ್ತಿದೆ. ಪ್ಲೈವುಡ್ ಕುಯ್ದರೆ ಚಕ್ಕೆ ಏಳುತ್ತಿದೆ. ಎಲ್ಲಕ್ಕೂ ಆಗುತ್ತೆ ಅಂತ 80 ಹಲ್ಲಿನದೊಂದು ತಂದುಬಿಡಲಾ? ಬಳಸಿದವರು ಹೇಳಿ.

ಉತ್ತರ 1:
ದಯವಿಟ್ಟು ಬೇಡ ಸರ್. ಎರಡು ಇಂಚು ದಪ್ಪದ ಹಲಸನ್ನು ನಾನು 80 ಹಲ್ಲಿನಲ್ಲಿ ಸೀಳಲು ಹೋಗಿದ್ದೆ. ಅರ್ಧಕ್ಕೇ ಹೊಗೆ ಬಂತು. ಮೋಟರಿಗೆ ಶಕ್ತಿ ಸಾಲದು ಅಂದುಕೊಂಡೆ, ಆದರೆ ತಪ್ಪಿದ್ದದ್ದು ಬ್ಲೇಡಿನ ಆಯ್ಕೆಯಲ್ಲಿ. ಉದ್ದಕ್ಕೆ ಸೀಳುವಾಗ ಹೊಟ್ಟು ಎಳೆ ಎಳೆಯಾಗಿ ಬರುತ್ತೆ. ಅದು ಹೊರಗೆ ಬೀಳಲು ಹಲ್ಲುಗಳ ನಡುವೆ ಜಾಗ ಬೇಕು. ಹಲ್ಲು ಜಾಸ್ತಿಯಾದಷ್ಟೂ ಜಾಗ ಕಮ್ಮಿ. ಹೊಟ್ಟು ಒಳಗೇ ಉಜ್ಜಿ ಉಜ್ಜಿ ಮರ ಸುಡುತ್ತೆ. ಆಮೇಲೆ 24 ಹಲ್ಲಿನದು ಹಾಕಿದೆ. ಅದೇ ಹಲಗೆ ಸಲೀಸಾಗಿ ಹೋಯಿತು. ಅಂಚು ಸ್ವಲ್ಪ ಒರಟು ಬರುತ್ತೆ, ಎರಡು ಸಲ ಕೀಸುಳಿ ಎಳೆದರೆ ಸಾಕು.

ಉತ್ತರ 2:
ಪ್ಲೈವುಡ್ಡಿಗೆ ಮಾತ್ರ 60 ಅಥವಾ 80 ಇರಲಿ. ಹಲ್ಲಿನ ತುದಿ ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಓರೆಯಾಗಿರುವುದನ್ನು ನೋಡಿ ತಗೊಳ್ಳಿ. ಟೇಬಲ್ ಸಾದಲ್ಲಿ ಹಲ್ಲು ಮೇಲಿಂದ ಕೆಳಗೆ ಹೊಡೆಯುತ್ತೆ ಅಲ್ವಾ, ಹಾಗಾಗಿ ಚಕ್ಕೆ ಏಳುವುದು ಹೆಚ್ಚಾಗಿ ಕೆಳಗಿನ ಮೈಯಲ್ಲಿ. ಕಣ್ಣಿಗೆ ಕಾಣುವ ಮೈ ಮೇಲೆ ಬರಲಿ. ಕುಯ್ಯುವ ಗೆರೆಯ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ತುಂಬಾ ವ್ಯತ್ಯಾಸ ಆಗುತ್ತೆ.

ಉತ್ತರ 3:
ಹಲ್ಲು ಎಣಿಸಿ ಸುಮ್ನೆ ತರಬೇಡಿ. ನಡುವಿನ ತೂತಿನ ಅಳತೆ, ಬ್ಲೇಡಿನ ಮೇಲೆ ಬರೆದಿರುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಎರಡನ್ನೂ ನಿಮ್ಮ ಮೆಷಿನ್ ಜೊತೆ ತಾಳೆ ನೋಡಿ. ಬ್ಲೇಡಿನ ಹಿಂದೆ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ಲೋಹದ ಪಟ್ಟಿ, ರೈವಿಂಗ್ ನೈಫ್, ಇರುತ್ತಲ್ಲ, ಅದು ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲು ಕುಯ್ಯುವ ಸೀಳಿಗಿಂತ ತೆಳು ಇರಬೇಕು. ನಾನು ಇದನ್ನು ನೋಡದೆ ತೆಳು ಬ್ಲೇಡ್ ಹಾಕಿದ್ದೆ. ಹಲಗೆ ಆ ನೈಫಿಗೆ ತಾಗಿ ಅಲ್ಲೇ ನಿಂತಿತು. ಅಂಥ ಹೊತ್ತಲ್ಲಿ ನೈಫನ್ನೇ ಬಿಚ್ಚಿಡುವವರಿದ್ದಾರೆ. ಖಂಡಿತ ಬೇಡ. ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ ಹಲಗೆ ನೇರ ನಿಮ್ಮ ಹೊಟ್ಟೆಗೇ ಬರುತ್ತೆ.

ಇನ್ನೊಂದು ವಿಷಯ. ಪ್ಲಗ್ ಕಿತ್ತು, ಈಗಿರುವ ಬ್ಲೇಡನ್ನು ಒಮ್ಮೆ ಬಿಚ್ಚಿ ನೋಡಿ. ಹಲಸು ಸರಿಯಾಗಿ ಒಣಗಿರದಿದ್ದರೆ ಅಂಟು ಹಿಡಿದಿರುತ್ತೆ.

ಕೇಳಿದವರು:
ಬಿಚ್ಚಿದೆ ಸರ್. ಹಲ್ಲಿನ ಬುಡದಲ್ಲೆಲ್ಲ ಅಂಟು ಕಪ್ಪಗೆ ಗಟ್ಟಿಯಾಗಿತ್ತು. ಸೋಪಿನ ನೀರಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒರೆಸಿ ಹಾಕಿದೆ. ಸುಡುವುದು ಅರ್ಧಕ್ಕರ್ಧ ಕಮ್ಮಿಯಾಗಿದೆ. ಸೀಳುವುದಕ್ಕೆ 24ರದ್ದು ನಾಳೆ ತರುತ್ತೇನೆ, ಪ್ಲೈವುಡ್ ಕೆಲಸ ಶುರುವಾದಾಗ 60ರದ್ದು.