ಕಾಸರಗೋಡಿನ ಶಿರಿಯ ಹೊಳೆಯ ಕಟ್ಟ: ಈ ಸಲ ಎಲ್ಲ ಪಂಚಾಯತ್ ಒಟ್ಟಿಗೆ

ಹೊಳೆಕರೆ ಮನೆ: ಎಲ್ಲರಿಗೂ ನಮಸ್ಕಾರ. ಕಳೆದ ಮಾರ್ಚಿನಲ್ಲಿ ಬಾವಿ ನೀರು ಉಪ್ಪಾದದ್ದು ನೆನಪಿದೆ ಅಲ್ವಾ? ಗಂಜಿಗೆ ಉಪ್ಪು ಹಾಕುವ ಮೊದಲೇ ಉಪ್ಪುಪ್ಪು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಇಲ್ಲ. ಅಡಿಕೆ ಸಸಿಗಳ ಗರಿ ತುದಿಯಿಂದ ಕರಟಿತು. ಮೇಲಿನಿಂದ ಬರುವ ನೀರು ಕಡಿಮೆಯಾದ ಕೂಡಲೇ ಭರತದ (ಉಬ್ಬರದ) ಹೊತ್ತಿಗೆ ಸಮುದ್ರದ ನೀರು ಹೊಳೆಯೊಳಗೆ ಏರುತ್ತದೆ, ಅದೇ ಬಾವಿಗೆ ಇಳಿಯುವುದು. ಈಗ ಮಳೆ ಮುಗಿಯುತ್ತಾ ಬಂತು. ತೋಡಿಗೆ (ಹೊಳೆಗೆ ಸೇರುವ ಸಣ್ಣ ಹಳ್ಳಕ್ಕೆ) ಅಡ್ಡಲಾಗಿ ಮಣ್ಣಿನ ಚೀಲದ ಕಟ್ಟ ಹಾಕಿ ನೀರು ನಿಲ್ಲಿಸುವ ಬಗ್ಗೆ ಮಾತಾಡುವುದಾದರೆ ಈಗಲೇ.

ಅಂಗಡಿ ಇಚ್ಚ: ನಮ್ಮ ತೋಡಿಗೆ ಕಳೆದ ವರ್ಷ ಕಟ್ಟ ಹಾಕಿದ್ದರಲ್ಲ, ಏನು ಪ್ರಯೋಜನ ಆಯಿತು?

ಮಾಷ್ಟ್ರು: ಇಚ್ಚಾ, ಅದು ಹಾಕಿದ್ದು ಜನವರಿ ಕೊನೆಗೆ. ನಾನೂ ಚೀಲಕ್ಕೆ ಮಣ್ಣು ತುಂಬಿಸಲು ಬಂದಿದ್ದೆ. ಆಗ ತೋಡಿನಲ್ಲಿ ಪಾದ ಮುಳುಗುವಷ್ಟು ನೀರು ಮಾತ್ರ ಇತ್ತು. ನಿಲ್ಲಿಸುವುದಕ್ಕೆ ನೀರೇ ಇಲ್ಲದಿದ್ದರೆ ಕಟ್ಟ ಏನು ಮಾಡುತ್ತದೆ? ನವೆಂಬರ್, ಹೆಚ್ಚೆಂದರೆ ಡಿಸೆಂಬರ್ ಮೊದಲ ವಾರ, ತೋಡು ಹರಿಯುತ್ತಿರುವಾಗಲೇ ಹಾಕಬೇಕು. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ನೋಡಿ, ಒಂದೇ ತೋಡಿಗೆ ಸಾಲಾಗಿ ಕಟ್ಟಗಳು. ಒಂದು ತುಂಬಿದರೆ ಮುಂದಿನದಕ್ಕೆ.

ಗುಡ್ಡೆ ಮನೆ ಅಕ್ಕ: ಒಂದು ಸಂಶಯ. ಮೇಲಿನವರೆಲ್ಲ ಕಟ್ಟ ಹಾಕಿದರೆ ಕೆಳಗಿನ ನಮಗೆ ಬರುವ ನೀರೂ ನಿಲ್ಲುವುದಿಲ್ಲವಾ?

ಮಾಷ್ಟ್ರು: ಒಳ್ಳೆ ಪ್ರಶ್ನೆ ಅಕ್ಕ. ತಡವಾಗಿ ಹಾಕಿದರೆ ಹಾಗೇ ಆಗುತ್ತದೆ. ಬೇಗ ಹಾಕಿದರೆ ಬೇಗ ತುಂಬುತ್ತದೆ, ಉಳಿದದ್ದು ಮೇಲಿಂದ ಹಾರಿ ಕೆಳಗೆ ಬರುತ್ತದೆ. ಇಂಗಿದ ನೀರು ಮುರಕಲ್ಲಿನ (ಕೆಂಪು ಕಲ್ಲಿನ) ಒಳಗಿನಿಂದ ನಿಧಾನಕ್ಕೆ ಒಸರುತ್ತಾ ಹೊಳೆಗೇ ಸೇರುತ್ತದೆ. ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ನಿಮ್ಮ ಸುರಂಗದಲ್ಲಿ ಬರುವುದೂ ಅದೇ ನೀರಲ್ವಾ.

ಆದರೆ ಇದು ಒಂದು ಪಂಚಾಯತಿನ ಕೈಯಲ್ಲಿ ಇಲ್ಲ. ಹೊಳೆ ಕರ್ನಾಟಕದ ಗುಡ್ಡೆಯಲ್ಲಿ ಹುಟ್ಟಿ ಎಣ್ಮಕಜೆ, ಪುತ್ತಿಗೆ ಎಂದು ಇಳಿದು ಕುಂಬಳೆ ಹತ್ತಿರ ಸಮುದ್ರ ಸೇರುತ್ತದೆ. ಎಣ್ಮಕಜೆ, ಪುತ್ತಿಗೆ ಮಂಜೇಶ್ವರ ಬ್ಲಾಕಿಗೆ, ಕುಂಬಳೆ ಕಾಸರಗೋಡು ಬ್ಲಾಕಿಗೆ. ಒಬ್ಬೊಬ್ಬರು ಅವರವರಿಗೆ ಹಣ ಬಂದಾಗ ಕಟ್ಟ ಹಾಕಿದರೆ ಹೊಳೆ ಅದಕ್ಕೆ ಕಾಯುವುದಿಲ್ಲ. ವಯನಾಡಿನ ಮೀನಂಗಾಡಿ ಪಂಚಾಯತ್ 2016ರಲ್ಲಿ ಕಾರ್ಬನ್ ನ್ಯೂಟ್ರಲ್ ಆಗುವ (ಹೊರಬಿಡುವಷ್ಟು ಇಂಗಾಲವನ್ನು ಮರ ನೆಡುವಂಥ ಕ್ರಮಗಳಿಂದ ಸರಿದೂಗಿಸುವ) ಕೆಲಸ ಶುರು ಮಾಡಿತು, ನನಗೆ ಅದರ ಮೇಲೆ ತುಂಬ ಗೌರವ ಇದೆ. ಮರ ನೆಡುವುದು ಒಬ್ಬರೇ ಶುರು ಮಾಡಬಹುದು. ನೀರಿನ ಕೆಲಸ ಹಾಗಲ್ಲ.

ಹೊಳೆಕರೆ ಮನೆ: ಮಳೆಯ ಕ್ರಮವೂ ತಪ್ಪಿದೆ. 2018ರ ಆಗಸ್ಟಿನಲ್ಲಿ ಕೇರಳದಲ್ಲಿ ಅಷ್ಟು ದೊಡ್ಡ ನೆರೆ ಬಂತು, ಸೆಪ್ಟೆಂಬರಿನಲ್ಲೇ ಎಷ್ಟೋ ಕಡೆ ಬಾವಿ, ಹೊಳೆ ಇಳಿದು ಹೋಗಿತ್ತು. ಜೋರಾಗಿ ಬಂದು ಓಡಿ ಹೋಗುವ ನೀರನ್ನು ನಿಲ್ಲಿಸದಿದ್ದರೆ ಮೇ ಕೊನೆಯ ಪತ್ತನಾಜೆ ತನಕ ಏನು ಕುಡಿಯುವುದು?

ಅಂಗಡಿ ಇಚ್ಚ: ಸರಿ, ಅರ್ಥ ಆಯಿತು. ಹಣಕ್ಕೆ ಏನು ದಾರಿ?

ನಿವೃತ್ತ ಕ್ಲರ್ಕ್ ಅಣ್ಣ: ಪಂಚಾಯತುಗಳು ಒಟ್ಟು ಸೇರಿ ಸಂಯುಕ್ತ ಯೋಜನೆ ಇಡಬಹುದು, ಬ್ಲಾಕ್ ಮತ್ತು ಜಿಲ್ಲಾ ಪಂಚಾಯತ್ ಕೂಡ ಪಾಲು ಹಾಕಬಹುದು. ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು, ಅಷ್ಟೆ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಲೇಬೇಕೆಂದು ಕಾನೂನೇ ಇದೆ. ಅಲ್ಲಿ ಸುಮ್ನೆ ಮಾತಾಡಿ ಬಂದರೆ ಸಾಲದು, ನಿರ್ಣಯ ಬರೆಸಬೇಕು. ಎಲ್ಲ ಪಂಚಾಯತಿನಲ್ಲೂ ಒಂದೇ ನಿರ್ಣಯ, ಒಂದೇ ತಾರೀಕು. ಮನವಿ ಕನ್ನಡ, ಮಲಯಾಳ ಎರಡರಲ್ಲೂ ನಾನು ಬರೆದು ಕೊಡುತ್ತೇನೆ.

ಗುಡ್ಡೆ ಮನೆ ಅಕ್ಕ: ನನ್ನ ತವರು ಪುತ್ತಿಗೆಯ ಕಡೆ. ಅಲ್ಲಿನ ಕುಟುಂಬಶ್ರೀ ಮಹಿಳಾ ಸಂಘದವರ ಹತ್ತಿರ ನಾನು ಮಾತಾಡುತ್ತೇನೆ. ಅವರ ತೋಟಕ್ಕೂ ನೀರು ಬೇಕಲ್ಲ.

ಅಂಗಡಿ ಇಚ್ಚ: ಖಾಲಿ ಸಿಮೆಂಟ್ ಚೀಲ ಇವತ್ತಿನಿಂದಲೇ ಒಟ್ಟು ಮಾಡುತ್ತೇನೆ, ಯಾರ ಮನೆಯಲ್ಲಿ ಇದ್ದರೂ ಅಂಗಡಿಗೆ ತಂದು ಹಾಕಿ. ಹರಿದದ್ದು ಬೇಡ.

ಮಾಷ್ಟ್ರು: ಭಾನುವಾರ ಬೆಳಿಗ್ಗೆ ಏಳಕ್ಕೆ ತೋಡಿನ ಹತ್ತಿರ ಸೇರೋಣ, ಕಟ್ಟ ಎಲ್ಲೆಲ್ಲಿ ಬೇಕೆಂದು ನಡೆದೇ ನೋಡುವ. ವಾರ್ಡ್ ಮೆಂಬರಿಗೆ ನಾನು ಹೇಳುತ್ತೇನೆ. ಅದಕ್ಕೂ ಮೊದಲು ಎಲ್ಲರೂ ಬಾವಿಯ ಹಗ್ಗಕ್ಕೆ ನೀರಿನ ಮಟ್ಟದಲ್ಲಿ ಒಂದು ಗಂಟು ಹಾಕಿ ಇಡಿ. ಪ್ರತಿ ತಿಂಗಳು ಎಷ್ಟು ಇಳಿಯಿತು ಎಂದು ಗೊತ್ತಾಗಲಿ.

ಹೊಳೆಕರೆ ಮನೆ: ಈಗಷ್ಟೇ ಹಾಕಿ ಬಂದೆ. ಬಾವಿಕಟ್ಟೆಯಿಂದ ನೀರಿಗೆ ನಮ್ಮ ಕಡೆಯ ಬಾವಿ ಅಳತೆಯಲ್ಲಿ ಮೂರು ಕೋಲು.