ಭೋಗ್ಯ ಅಂದ್ರೆ ಲೀಸಾ, ಅಡಮಾನಾನಾ?

ದಾವಣಗೆರೆ ವಿದ್ಯಾನಗರ, ನಿಟುವಳ್ಳಿ ಕಡೆ ಗೇಟಿಗೆ ತೂಗುಹಾಕಿರೋ ಬೋರ್ಡ್ ನೋಡಿದ್ರೆ ಒಂದ್ರಲ್ಲಿ ‘ಮನೆ ಲೀಸಿಗಿದೆ’ ಅಂತಿರುತ್ತೆ, ಪಕ್ಕದ್ರಲ್ಲೇ ‘ಬೋಗ್ಯಕ್ಕಿದೆ’ ಅಂತ (ಮಹಾಪ್ರಾಣ ಯಾವತ್ತೋ ಹೋಗೈತಿ, ಅದನ್ನ ಬಿಡಿ). ಜನ ಎರಡನ್ನೂ ಒಂದೇ ಅರ್ಥಕ್ಕೆ ಬಳಸ್ತಾರೆ, ಅಂದ್ರೆ ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ದೆ ಇದ್ದು, ಬಿಡೋವಾಗ ಅಷ್ಟೂ ದುಡ್ಡು ವಾಪಸ್ ಇಸ್ಕೊಂಡು ಹೋಗೋದು. ಎರಡೂ ನಿಜವಾಗ್ಲೂ ಒಂದೇನಾ ಅನ್ನೋದು ನನ್ನ ಪ್ರಶ್ನೆ.

ಕಾನೂನಲ್ಲಂತೂ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ 105ನೇ ಸೆಕ್ಷನ್ನಲ್ಲಿ ಹೇಳಿರೋ ಲೀಸು ಬಾಡಿಗೆಗೋ ಇಷ್ಟು ಬೆಲೆಗೋ ಸ್ವತ್ತು ಅನುಭವಿಸೋಕೆ ಬಿಡೋದು. 58(ಡಿ)ಯಲ್ಲಿರೋದು ಒಂದು ಥರ ಅಡಮಾನ, ಸಾಲ ಕೊಟ್ಟವನಿಗೆ ಮನೇನೋ ಹೊಲಾನೋ ವಶಕ್ಕೆ ಕೊಟ್ಟು ಬಡ್ಡಿ ಬದ್ಲಿಗೆ ಇದನ್ನೇ ಉಣ್ಣಪ್ಪ ಅನ್ನೋದು. ನಮ್ಮ ಭೋಗ್ಯ ಈ ಎರಡ್ನೇದಕ್ಕೇ ಹತ್ರ ಅಲ್ವಾ? ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಭೋಗ್ಯ ಬರೋದು ‘ಆಧಿ’ ಅಂದ್ರೆ ಅಡವಿನ ವಿಷಯದಲ್ಲೇ, ‘ಫಲಭೋಗ್ಯೋ ನ ನಶ್ಯತಿ’ ಅಂತ, ಫಲ ಉಣ್ಣೋಕೆ ಕೊಟ್ಟ ಅಡವು ಎಷ್ಟು ವರ್ಷ ಆದ್ರೂ ಮುಳುಗಲ್ಲ.

ಹಳ್ಳಿ ಕಡೆ ಈ ಗೊಂದಲ ಇಲ್ಲ. ಹೊಲಾನ ವರ್ಷಕ್ಕಿಷ್ಟು ಅಂತ ಕೊಟ್ರೆ ಅದು ಲಾವಣಿ, ‘ಹೊಲ ಭೋಗ್ಯಕ್ಕೆ ಹಾಕ್ಯಾನ’ ಅಂದ್ರೆ ಸಾಲ ಆಗೈತಿ ಅಂತ ಕೇಳಿದೋರಿಗೆಲ್ಲ ಗೊತ್ತಾಗುತ್ತೆ, ಸ್ವಲ್ಪ ಮರುಕಾನೂ ಇರುತ್ತೆ. ಅದೇ ಪ್ಯಾಟಿ ಮನೆಗೆ ಬಂದ್ರೆ ‘ಹಾಕ್ಯಾನ’ ಹೋಗಿ ‘ಕೊಟ್ಟಾನ’ ಆಗುತ್ತೆ, ಮನೆ ಓನರ್ ಸಾಲಗಾರ ಅಂತ ಯಾರೂ ಅಂದ್ಕೊಳ್ಳಲ್ಲ. ದುಡ್ಡು ಇಸ್ಕೊಂಡಿರೋನು ಅವನೇ ಆದ್ರೂ!

ಇದು ಬರೀ ನಿಘಂಟಿನ ಜಗಳ ಅಲ್ಲ ನೋಡಿ. ಒಂದು ವರ್ಷ ಮೀರದ ಲೀಸು ರಿಜಿಸ್ಟರ್ ಆಗ್ಲೇಬೇಕು ಅಂತಿಲ್ಲ (ಅದೇ ಕಾಯ್ದೆ 107ನೇ ಸೆಕ್ಷನ್), ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳು ಅಂತ ಬರೆಸೋದು. ಆದ್ರೆ ಇಂಥ ಅಡಮಾನ ನೂರು ರೂಪಾಯಿನೋ ಅದಕ್ಕಿಂತ ಜಾಸ್ತಿನೋ ಇದ್ರೆ ರಿಜಿಸ್ಟರ್ ಆಗ್ಲೇಬೇಕು (59), ಅಲ್ಲಿ ಹನ್ನೊಂದು ತಿಂಗಳ ಉಪಾಯ ನಡೆಯಲ್ಲ. ತಿಂಗಳ ಬಾಡಿಗೆದಾರನಿಗೆ ಬೇರೆ ಕರಾರು ಇಲ್ದಿದ್ರೆ 15 ದಿನದ ನೋಟಿಸ್ ಕೊಟ್ಟು ಬಿಡಿಸ್ಬಹುದು (106), ಅಡಮಾನ ಆದ್ರೆ ಸಾಲ ತೀರೋ ತನಕ ವಶ ಇಟ್ಕೊಳ್ಳೋ ಹಕ್ಕು ದುಡ್ಡು ಕೊಟ್ಟೋನದು. ಪತ್ರದ ತಲೆ ಮೇಲೆ ಏನ್ ಹೆಸರಿದ್ರೂ ಕೋರ್ಟು ನೋಡೋದು ಒಳಗಿನ ಷರತ್ತನ್ನ. ಆ ಒಳಗೇ ಕಲಸುಮೇಲೋಗರ ಆಗಿದ್ರೆ ಏನ್ಮಾಡೋದು? ಮೊನ್ನೆ ಓದೋಕೆ ಸಿಕ್ಕ ಪತ್ರ ಒಂದ್ರಲ್ಲಿ ಮೇಲೆ ‘ಲೀಸ್ ಕರಾರು ಪತ್ರ’, ನಡುವೆ ‘ಭೋಗ್ಯದ ಹಣ’, ಸಹಿ ಹತ್ರ ‘ಬಾಡಿಗೆದಾರರು’.

ಸರ್ಕಾರಿ ಕನ್ನಡದಲ್ಲಿ ಲೀಸಿಗೆ ಗುತ್ತಿಗೆ ಅಂತಾರೆ, ಆದ್ರೆ ‘ಮನೆ ಗುತ್ತಿಗೆಗಿದೆ’ ಅಂತ ಬೋರ್ಡ್ ಹಾಕಿದ್ರೆ ಮೇಸ್ತ್ರಿಗಳು ಬಂದು ಬಾಗಿಲು ಬಡೀತಾರೆ. ಹಂಗಾಗಿ ಮನೆಗೆ ಲೀಸು ಅಂತಲೇ ಇಟ್ಕೊಂಡು ಭೋಗ್ಯಾನ ಅಡಮಾನಕ್ಕೇ ಬಿಡೋದು ವಾಸಿ ಅನ್ಸುತ್ತೆ ನಂಗೆ. ಚಿತ್ರದುರ್ಗ, ಹೊಳಲ್ಕೆರೆ ಕಡೆಯೋರು ಇದ್ರೆ ಹೇಳಿ, ಅಲ್ಲಿ ಮನೆಗೆ ‘ಭೋಗ್ಯಕ್ಕೆ ಹಾಕು’ ಅಂತಾರಾ ‘ಕೊಡು’ ಅಂತಾರಾ? ಮನೇಲಿ ಅಜ್ಜನ ಕಾಲದ ಪತ್ರ ಇದ್ರೆ ಅದ್ರಲ್ಲಿ ಯಾವ ಪದ ಐತಿ ಅಂತಾನೂ ನೋಡಿ ತಿಳಿಸಿ.